ಭಾಲ್ಕಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು, ಅವ್ವಾ

ಹ್ಯಾಂಬರ್ಗ್, ಭಾನುವಾರ

ಅವ್ವನಿಗೆ ಶರಣು. ಅಪ್ಪನಿಗೂ ಆಯಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಊಟ, ನಿದ್ದೆ ಎಲ್ಲಾ ಸರಿಯಾಗಿದೆ. ನೀನು ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಂದು ಮುಟ್ಟಿದವು. ಚಟ್ನಿ ಅರ್ಧ ಡಬ್ಬಿ ಆಗಲೇ ಖಾಲಿ.

ಶಿವು ಕೈಲಿ ಬರೆಸಿದ ನಿನ್ನ ಪತ್ರ ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ. ನನ್ನ ಮದುವೆಗೆ ಸಂಬಂಧ ನೋಡುತ್ತಿದ್ದ ಭಾಲ್ಕಿಯವರು ನಾನು ಗಿಟಾರ್ ಬಾರಿಸುವ ವಿಡಿಯೊ ನೋಡಿದರಂತೆ. ‘ಹುಡುಗಿ ಹಾಡ್ತಿದ್ದರೆ ನಡೀತಿತ್ತು, ಕೊರಳಿಗೆ ಗಿಟಾರ್ ಹಾಕಿಕೊಂಡು ಗಂಡಸರ ಹಾಗೆ ಬಾರಿಸೋದು ನಮ್ಮ ಮನೆತನಕ್ಕೆ ಹೊಂದೋದಿಲ್ಲ’ ಅಂತ ಬಸಣ್ಣ ಕಾಕಾನ ಹತ್ತಿರ ಹೇಳಿ ಕಳಿಸಿದರಂತೆ. ಅಪ್ಪ ಸರಿಯಾಗಿ ಉಣ್ಣುತ್ತಿಲ್ಲ ಅಂತ ಬರೆದಿದ್ದೀಯ. ಮದುವೆ ಆಗುವವರೆಗಾದರೂ ವಿಡಿಯೊ ತೆಗೆಸು ಅಂದಿದ್ದೀಯ.

ಮೊದಲು ಅಪ್ಪನ ವಿಷಯ. ಸಿಟ್ಟು ನನ್ನ ಮೇಲೆ ಇರಲಿ, ಬಿಪಿ ಗುಳಿಗೆ ಮಾತ್ರ ಒಂದು ದಿನವೂ ತಪ್ಪಬಾರದು. ನಾನು ಇಲ್ಲಿ ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಆರಾಮಿದ್ದೇನೆ ಅಂತ ಗುಳಿಗೆ ಬಿಟ್ಟವರೇ ಅಪರಾತ್ರಿಯಲ್ಲಿ ಬಂದು ಅಡ್ಮಿಟ್ ಆಗುತ್ತಾರೆ. ಶಿವುಗೆ ಹೇಳು, ವಾರಕ್ಕೊಮ್ಮೆ ಬಿಪಿ ನೋಡಿಸಿ ನನಗೆ ಬರೆದು ಹಾಕಲಿ.

ಈಗ ಭಾಲ್ಕಿಯವರ ಮಾತು. ಹಾಡಿದರೆ ನಡೆಯುತ್ತದೆ, ಬಾರಿಸಿದರೆ ನಡೆಯೋದಿಲ್ಲ. ಇದು ನಮ್ಮ ಮನೆಗೂ ಹೊಸದಲ್ಲ ಅವ್ವಾ. ಅಮಾವಾಸ್ಯೆ ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ಪದ ಎತ್ತುತ್ತಿದ್ದವಳು ಆಯಿ. ಅವಳ ದನಿ ಬಿದ್ದರೆ ಓಣಿಯವರೆಲ್ಲಾ ಬಂದು ಕೂರುತ್ತಿದ್ದರು. ಆದರೆ ಏಕತಾರಿ ಯಾವಾಗಲೂ ಮುತ್ಯಾನ ಕೈಯಲ್ಲಿ. ಮನೆಯಲ್ಲಿ ಯಾರೂ ಇಲ್ಲದಾಗ ಆಯಿ ಅದನ್ನು ಮೊಳೆಯಿಂದ ಇಳಿಸಿ ಮೀಟುತ್ತಿದ್ದಳಂತೆ. ಯಾರಾದರೂ ಬೇಡ ಅಂದಿದ್ದರಾ ಅಂತ ಕೇಳಿದೆ. ‘ಬೇಡ ಅಂತ ಯಾರೂ ಅಂದಿಲ್ಲ, ತಗೋ ಅಂತಲೂ ಯಾರೂ ಕೊಡಲಿಲ್ಲ’ ಅಂದಳು. ಗಿಟಾರ್ ಹಿಡಿದಾಗೆಲ್ಲಾ ನನಗೆ ಆ ಮಾತು ನೆನಪಾಗುತ್ತದೆ.

ಇಲ್ಲಿಯವರೂ ಈ ವಿಷಯದಲ್ಲಿ ಪೂರ್ತಿ ಸುಧಾರಿಸಿಲ್ಲ. ಹೋದ ತಿಂಗಳು ಒಂದು ಕಡೆ ಕಾರ್ಯಕ್ರಮ ಇತ್ತು. ನಾವು ನಾಲ್ಕೂ ಜನ ಹೆಂಗಸರೇ. ಡ್ರಮ್ಸ್‌ನವಳ ಗಂಡ ಭಾರದ ಪೆಟ್ಟಿಗೆ ಎತ್ತಿಕೊಡಲು ಬಂದಿದ್ದ. ಸೌಂಡಿನವನು ಸೀದಾ ಅವನ ಹತ್ತಿರ ಹೋಗಿ ‘ನಿಮ್ಮ ಗಿಟಾರ್ ಎಷ್ಟು ಜೋರು ಬೇಕು?’ ಅಂತ ಕೇಳಿದ. ಗಿಟಾರ್ ನನ್ನ ಕೊರಳಲ್ಲೇ ಇತ್ತು! ನಾನು ಏನೂ ಮಾತಾಡಲಿಲ್ಲ. ಕೇಬಲ್ ಸಿಕ್ಕಿಸಿ ಒಮ್ಮೆ ಎಲ್ಲಾ ತಂತಿ ಎಳೆದೆ. ಆಮೇಲೆ ನನ್ನನ್ನೇ ಕೇಳಿದ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು ‘ಹುಡುಗಿಯಾಗಿ ಇಷ್ಟು ಚೆನ್ನಾಗಿ ಬಾರಿಸ್ತೀರಲ್ಲಾ’ ಅಂದರು. ಹೊಗಳಿಕೆ ಅಂತಲೇ ಅಂದದ್ದು, ಆದರೂ ಚುಚ್ಚಿತು.

ಇದೇ ಊರಿನ ಕಥೆ ಹೇಳುತ್ತೇನೆ, ಅಪ್ಪನಿಗೂ ಓದಿ ಹೇಳು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1963ರಲ್ಲಿ ನಾಲ್ಕು ಹುಡುಗಿಯರು ಸೇರಿ ದಿ ಲಿವರ್‌ಬರ್ಡ್ಸ್ ಅಂತ ಬ್ಯಾಂಡ್ ಕಟ್ಟಿದರು. ಗಿಟಾರ್, ಬಾಸ್, ಡ್ರಮ್ಸ್ ಎಲ್ಲಾ ಅವರದೇ. ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಈ ನಾಲ್ವರ ಎದುರಿಗೇ ‘ಹುಡುಗಿಯರು ಗಿಟಾರ್ ಬಾರಿಸೋದಿಲ್ಲ’ ಅಂದನಂತೆ. ಅವರು 1964ರಲ್ಲಿ ಹ್ಯಾಂಬರ್ಗಿಗೆ ಬಂದು, ಬೀಟಲ್ಸ್ ಬಾರಿಸಿದ ಸ್ಟಾರ್ ಕ್ಲಬ್ಬಿನಲ್ಲೇ ಬಾರಿಸಿ ಜರ್ಮನಿಯಲ್ಲಿ ದೊಡ್ಡ ಹೆಸರು ಮಾಡಿದರು. ಕ್ಲಬ್ ಈಗಿಲ್ಲ. ಆ ಜಾಗಕ್ಕೆ ನಾನು ಹೋಗಿ ನಿಂತು ಬಂದಿದ್ದೇನೆ.

ಆಯಿಗೆ ಇನ್ನೊಂದು ಹೇಳು. ಅಮೆರಿಕದಲ್ಲಿ ಸಿಸ್ಟರ್ ರೊಸೆಟಾ ಥಾರ್ಪ್ ಅಂತ ಇದ್ದಳು, 1915ರಲ್ಲಿ ಹುಟ್ಟಿದವಳು. ಚರ್ಚಿನಲ್ಲಿ ಬೆಳೆದು, ದೇವರ ಪದಗಳನ್ನೇ ಎಲೆಕ್ಟ್ರಿಕ್ ಗಿಟಾರ್ ಮೇಲೆ ಬಾರಿಸುತ್ತಾ ಹಾಡುತ್ತಿದ್ದಳು. ಆಮೇಲೆ ರಾಕ್‌ನಲ್ಲಿ ದೊಡ್ಡವರಾದ ಎಷ್ಟೋ ಗಂಡಸರು ಅವಳನ್ನು ಕೇಳಿ ಕಲಿತವರು. ಅವಳು ತೀರಿಕೊಂಡದ್ದು 1973ರಲ್ಲಿ. ರಾಕ್ ಸಂಗೀತದ ಹಾಲ್ ಆಫ್ ಫೇಮ್‌ಗೆ ಅವಳ ಹೆಸರು ಸೇರಿದ್ದು 2018ರಲ್ಲಿ. ಆಯಿ ಅವಳನ್ನು ನೋಡಲೇಬೇಕು. ಶಿವು ಮೊಬೈಲ್‌ನಲ್ಲಿ ತೋರಿಸಲಿ.

ಇನ್ನು ಹಾಡೋದು ಮರ್ಯಾದೆ ಅನ್ನುವ ಮಾತು. ಅದೂ ಎಲ್ಲಾ ಕಾಲಕ್ಕೂ ಮರ್ಯಾದೆ ಆಗಿರಲಿಲ್ಲ. ಅಪ್ಪನಿಗೆ ಗಂಗೂಬಾಯಿ ಹಾನಗಲ್ ಅಂದರೆ ಪ್ರಾಣ, ಅಲ್ವಾ? ಅವರು ಚಿಕ್ಕವರಿದ್ದಾಗ ಬೀದಿಯಲ್ಲಿ ಹೋದರೆ ಗಾನೇವಾಲಿ ಅಂತ ಆಡಿಕೊಳ್ಳುತ್ತಿದ್ದರು. 1971ರಲ್ಲಿ ಅವರಿಗೇ ಪದ್ಮಭೂಷಣ ಬಂತು, 2002ರಲ್ಲಿ ಪದ್ಮವಿಭೂಷಣ. ಆಡಿಕೊಂಡವರ ಮಾತು ಕೇಳಿ ಅವರು ಮನೆಯಲ್ಲಿ ಕೂತಿದ್ದರೆ ಅಪ್ಪ ರೇಡಿಯೊದಲ್ಲಿ ಏನು ಕೇಳಬೇಕಿತ್ತು?

ಅದಕ್ಕೇ ವಿಡಿಯೊ ತೆಗೆಸೋದಿಲ್ಲ ಅವ್ವಾ. ಮುಚ್ಚಿಟ್ಟು ಮದುವೆಯಾಗಿ ಆಮೇಲೆ ದಿನಾ ಜಗಳ ಮಾಡೋದು ನನ್ನ ಕೈಲಾಗೋದಿಲ್ಲ. ಭಾಲ್ಕಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ತೋಚಿದ್ದು ಹೇಳಿದ್ದಾರೆ. ಮುಂದೆ ಯಾರು ಬಂದರೂ ಮೊದಲ ದಿನವೇ ಹೇಳಿಬಿಡು: ಹುಡುಗಿ ನರ್ಸ್, ಗಿಟಾರ್ ಬಾರಿಸುತ್ತಾಳೆ, ಬಿಡೋದಿಲ್ಲ. ಒಪ್ಪುವವರು ಬರಲಿ. ಮದುವೆ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ.

ನೀನು ಕೇಳಿದ್ದಕ್ಕೆಲ್ಲಾ ಉತ್ತರ: ಕಿವಿಗೆ ಪ್ಲಗ್ ಹಾಕಿಕೊಂಡೇ ಬಾರಿಸುತ್ತೇನೆ. ಹೆಗಲು ನೋವಿಲ್ಲ, ಅಗಲ ಪಟ್ಟಿ ತಗೊಂಡಿದ್ದೇನೆ. ಬೆರಳ ತುದಿ ಗಟ್ಟಿಯಾಗಿದೆ, ರೊಟ್ಟಿ ಬಡಿದೂ ಬಡಿದೂ ನಿನ್ನ ಅಂಗೈ ಆಗಿದೆಯಲ್ಲ, ಹಾಗೆ. ನೋವಂತೂ ಇಲ್ಲವೇ ಇಲ್ಲ. ಜೊತೆಯವರು ಒಳ್ಳೆಯವರು. ಡ್ರಮ್ಸ್‌ನವಳು ಶಾಲೆ ಟೀಚರ್, ಎರಡು ಮಕ್ಕಳ ತಾಯಿ. ಯಾರೂ ಕುಡಿದು ಸ್ಟೇಜ್ ಹತ್ತೋದಿಲ್ಲ. ಶನಿವಾರ ರಾತ್ರಿಯಿಡೀ ಮೆಟ್ರೊ ಇರುತ್ತದೆ, ಒಬ್ಬಳೇ ಬರೋದೂ ಇಲ್ಲ. ಪ್ರಾಕ್ಟೀಸ್ ಮಾಡೋದು ಎರಡನೇ ಮಹಾಯುದ್ಧದ ಒಂದು ಬಂಕರ್‌ನಲ್ಲಿ. ಗೋಡೆ ನಮ್ಮ ಕಲಬುರಗಿ ಕೋಟೆಯ ಗೋಡೆಯಷ್ಟು ದಪ್ಪ ಅನ್ನಿಸುತ್ತದೆ! ಈ ಊರಲ್ಲಿ ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಸದ್ದು ಮಾಡುವಂತಿಲ್ಲ. ಭಾನುವಾರವಂತೂ ಗೋಡೆಗೆ ಡ್ರಿಲ್ ಹಾಕಿದರೂ ಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ. ಬಂಕರ್ ಒಳಗೆ ನಾವು ಎಷ್ಟು ಜೋರು ಬಾರಿಸಿದರೂ ಕೇಳುವವರಿಲ್ಲ.

ಡ್ಯೂಟಿಗೆ ಹೊತ್ತಾಯಿತು, ನಿಲ್ಲಿಸುತ್ತೇನೆ. ಶಿವು ಫೀಸಿನ ದುಡ್ಡು ಶುಕ್ರವಾರ ಹಾಕುತ್ತೇನೆ. ಶರಣಬಸವೇಶ್ವರ ಗುಡಿಗೆ ಹೋದಾಗ ನನ್ನ ಹೆಸರಲ್ಲೂ ಕಾಯಿ ಒಡೆಸು. ಅಪ್ಪ ಉಂಡರಾ ಅಂತ ಇವತ್ತೇ ಮೆಸೇಜ್ ಮಾಡಿಸು.

ನಿನ್ನ ಮಗಳು