ಒಲೆ ಮುಂದೆ ಯಾರು, ಎಲೆ ಮುಂದೆ ಯಾರು

ಪ್ರೀತಿಯ ಅಪ್ಪಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಚಳಿ ಬಿದ್ದಿದೆ. ಬೆಳಿಗ್ಗೆ ಎಂಟಾದರೂ ತೋಟದೊಳಗೆ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ, ಬಚ್ಚಲೊಲೆ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ. ಈ ಪತ್ರವನ್ನೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಇಷ್ಟುದ್ದ ಒತ್ತಲು ನನ್ನ ಬೆರಳಿಗೆ ಆಗದು ಮಾರಾಯ.

ನೀನು ಕಳಿಸಿದ ಪಟ್ಟಿ ಸಿಕ್ಕಿತು. ಕ್ರಿಸ್‌ಮಸ್ ರಜೆಗೆ ನಾಲ್ಕು ದಿನ, ಹನ್ನೊಂದು ಜನ. ಮೊದಲ ದಿನ ಜೋಗ, ಎರಡನೇ ದಿನ ಇಕ್ಕೇರಿ ಮತ್ತು ಕೆಳದಿ, ಮೂರನೇ ದಿನ ಕಾಡಿನಲ್ಲಿ ನಡಿಗೆ, ಸಂಜೆ ಐದರಿಂದ ಆರೂವರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ. ಆಲೆಮನೆಗೆ ಒಂದೂವರೆ ತಾಸು ಅಂತ ಬರೆದವನನ್ನು ನಾನು ಕಂಡದ್ದು ಇದೇ ಮೊದಲು! ನಿನ್ನ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ನಕ್ಕಳು, ಆಮೇಲೆ "ತಿಂಡಿ ಎಷ್ಟು ಹೊತ್ತಿಗಂತೆ?" ಎಂದಳು. ಅದನ್ನೊಂದು ನೀನು ಬರೆದಿರಲಿಲ್ಲ. ತಿಂಡಿ ತನ್ನಷ್ಟಕ್ಕೆ ಆಗುತ್ತದೆ ಅಂತ ಲೆಕ್ಕ, ಅಲ್ವಾ?

ಬೇಜಾರಾಗಬೇಡ. ನಾನೂ ಅರವತ್ತೆಂಟು ವರ್ಷ ಅದೇ ಲೆಕ್ಕದಲ್ಲಿ ಬದುಕಿದವನು.

ಮೂರು ವರ್ಷದ ಹಿಂದೆ ನೀವೆಲ್ಲ ಬಂದದ್ದು ನೆನಪಿದೆಯಾ? ಹದಿನಾರು ಜನ. ಆಲೆಮನೆಗೆ ಅಂತ ಎರಡು ಕಾರು, ಒಂದು ಜೀಪು ತುಂಬಿ ಹೊರಟೆವು. ದೊಡ್ಡಮ್ಮ ಬರಲಿಲ್ಲ, ಮರುದಿನದ ದೋಸೆಗೆ ರುಬ್ಬುವುದಿತ್ತು, ರಾತ್ರಿ ಅಡುಗೆಯೂ ಇತ್ತು. "ಎನಗೊಂದು ಚೊಂಬು ಕಬ್ಬಿನ ಹಾಲು ತನ್ನಿ" ಎಂದಳು, ಅಷ್ಟೆ. ತಂದೆವು, ಐದು ಲೀಟರಿನ ಕ್ಯಾನು ತುಂಬಿಸಿಯೇ ತಂದೆವು. ಬಂದವರು ಹಾಡು, ಇಸ್ಪೀಟು ಅಂತ ಜಗುಲಿಯಲ್ಲಿ ಕೂತೆವು. ಕ್ಯಾನು ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಬೆಳಿಗ್ಗೆ ಮುಚ್ಚಳ ತೆಗೆದರೆ ಬುಸ್ ಅಂತ ನೊರೆ ಉಕ್ಕಿತು, ಹುಳಿ ವಾಸನೆ. ಕಬ್ಬಿನ ಹಾಲು ರಾತ್ರಿ ಕಳೆದರೆ ಉಳಿಯುತ್ತದೆಯೇ? ಅವಳು ಏನೂ ಅನ್ನಲಿಲ್ಲ. ಒಯ್ದು ದನದ ಅಕ್ಕಚ್ಚಿಗೆ ಸುರಿದು ಬಂದು ದೋಸೆ ಎರೆಯಲು ಕೂತಳು. ಆ ವರ್ಷ ಅವಳ ಬಾಯಿಗೆ ಒಂದು ಲೋಟ ಕಬ್ಬಿನ ಹಾಲು ಬೀಳಲಿಲ್ಲ ಅಂತ ನನಗೆ ಗೊತ್ತಾದದ್ದು ಶಿವರಾತ್ರಿ ಕಳೆದ ಮೇಲೆ, ಗಾಣಗಳೆಲ್ಲ ನಿಂತ ಮೇಲೆ.

ಹಾಗಾಗಿ ಮೊದಲ ಮಾತು: ಕ್ರಿಸ್‌ಮಸ್ಸಿಗೆ ಬರಬೇಡ. ಎಳ್ಳಮಾವಾಸ್ಯೆ ಡಿಸೆಂಬರ್ ಜನವರಿಯ ನಡುವೆ ಎಲ್ಲೋ ಬರುತ್ತದೆ, ಪ್ರತಿಸಲ ನಿಮ್ಮ ರಜೆಯ ಅಕ್ಕಪಕ್ಕದಲ್ಲೇ. ತೀರ್ಥಹಳ್ಳಿ ಅವಳ ತವರು. ರಾಮೇಶ್ವರ ದೇವರ ಜಾತ್ರೆ, ತುಂಗೆಯಲ್ಲಿ ಸ್ನಾನ, ಮರುದಿನ ತೇರು, ಮೂರನೇ ದಿನ ತೆಪ್ಪೋತ್ಸವ. ಪರಶುರಾಮ ಕೊಡಲಿ ತೊಳೆದ ಜಾಗ ಅಂತ ಅಮಾವಾಸ್ಯೆ ಬೆಳಿಗ್ಗೆ ಆ ಚಳಿಯಲ್ಲೂ ಜನ ಹೊಳೆಗೆ ಇಳಿಯುತ್ತಾರೆ. ಅವಳಿಗೆ ಬೇಕಾದದ್ದು ತೆಪ್ಪದ ದೀಪ ನೋಡುವುದು, ಬೆಂಡು ಬತ್ತಾಸು ಕಟ್ಟಿಸಿಕೊಂಡು ತಂಗಿಯ ಜೊತೆ ಹೊಳೆದಂಡೆಯಲ್ಲಿ ಕೂತು ತಿನ್ನುವುದು. ನೆಂಟರು ಬರುತ್ತಾರೆ ಅಂತ ಮೂರು ವರ್ಷದಿಂದ ಹೋಗಿಲ್ಲ. ಈ ಸಲ ಹೋಗುತ್ತೇವೆ. ಕೊಟ್ಟಿಗೆ ಕೆಲಸಕ್ಕೆ ಜನ ಹೇಳಿ ಆಗಿದೆ.

ನೀನು ಜನವರಿ 26ರ ರಜೆಗೆ ಬಾ, ಹಿಂದೆಮುಂದೆ ಎರಡು ದಿನ ಸೇರಿಸಿಕೊ. ಸಂಕ್ರಾಂತಿಗೇ ಬರುತ್ತೇನೆ ಅಂದೀಯ. ಎಳ್ಳುಬೆಲ್ಲ ಬೀರುವುದು ನಮ್ಮ ಮನೆಗೆ ಬಂದದ್ದೇ ಬಯಲುಸೀಮೆಯ ಸೊಸೆಯರ ಜೊತೆ. ಕೊಬ್ಬರಿ, ಹುರಿಗಡಲೆ, ಶೇಂಗಾ, ಸಕ್ಕರೆ ಅಚ್ಚು, ಚೆನ್ನಾಗಿಯೇ ಇರುತ್ತದೆ, ಬೆಂಗಳೂರಿನಲ್ಲೇ ಬೀರಿ ಬನ್ನಿ. ಡಿಸೆಂಬರಿನಲ್ಲಿ ನಮ್ಮ ಕಡೆ ಕಬ್ಬು ಪೂರ್ತಿ ಬಲಿತಿರುವುದಿಲ್ಲ. ಸಂಕ್ರಾಂತಿ ದಾಟಿದ ಮೇಲೆ ಗಾಣ ಜೋರು, ಅಡಿಕೆ ಕೊಯ್ಲೂ ಮುಗಿದಿರುವುದಿಲ್ಲ.

ಜೋಗ ಬಿಟ್ಟುಬಿಡು. 253 ಮೀಟರ್ ಎತ್ತರ ಅಂತ ಮಕ್ಕಳಿಗೆ ಹೇಳಿ ಕರಕೊಂಡು ಹೋದರೆ ಜನವರಿಯಲ್ಲಿ ಕಾಣುವುದು ಬಂಡೆ ಮೇಲೆ ಒಂದೆರಡು ಬಿಳಿ ಎಳೆ. ಅದು ಆಗಸ್ಟಿನ ಬಾಬತ್ತು. ಇಕ್ಕೇರಿಗೆ ಬೇಕಾದರೆ ಒಂದು ಬೆಳಿಗ್ಗೆ ಹೋಗಿ ಬನ್ನಿ, ಅಘೋರೇಶ್ವರನ ಗುಡಿಯ ಕಲ್ಲಿನ ನೆಲ ಆ ಹೊತ್ತಿಗೆ ಐಸಿನ ಹಾಗೆ ಇರುತ್ತದೆ, ಹುಡುಗರಿಗೆ ಕುಣಿಯಲು ಬೇರೆ ನೆವ ಬೇಡ.

ಕಾಡಿನ ನಡಿಗೆ ಮಾತ್ರ ಸುತರಾಂ ಬೇಡ. ಮಂಗನ ಕಾಯಿಲೆಯ ಕಾಲ ಇದು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಕಂಡದ್ದು, ಊರಿನ ಹೆಸರೇ ಕಾಯಿಲೆಯ ಇಂಗ್ಲಿಷ್ ಹೆಸರಿಗೂ ಬಂತು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ತರಗೆಲೆಯಲ್ಲಿ ಈ ಕಾಯಿಲೆ ಹರಡುವ ಉಣುಗು ಇರುತ್ತದೆ, ಕಣ್ಣಿಗೆ ಬೀಳುವುದೇ ಕಷ್ಟ, ಅಷ್ಟು ಸಣ್ಣದು. ತೋಟಕ್ಕೆ ಇಳಿಯುವಾಗಲೂ ಮಕ್ಕಳಿಗೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು. ಉಣುಗು ಹತ್ತದ ಹಾಗೆ ಮೈಗೆ ಸವರಲು ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆ ಮನೆಯಲ್ಲಿದೆ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಹಾಕಿದ ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ನನಗೆ ಹೇಳಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಹಾಗಾದರೆ ಮಕ್ಕಳು ಏನು ಮಾಡಬೇಕು ಅಂತ ಕೇಳುತ್ತೀಯ. ಅವರಿಗೆ ಕೆಲಸ ಕೊಡು. ಅಡಿಕೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿ ಕೂತು ಅಡಿಕೆ ಗೊನೆ ಬಿಡುವುದನ್ನು, ಕೆಳಗಿನವನು ಹಗ್ಗ ಹಿಡಿದು ಅದನ್ನು ಇಳಿಸಿಕೊಳ್ಳುವುದನ್ನು ದೂರ ನಿಂತು ನೋಡಲಿ. ಉದುರಿದ ಅಡಿಕೆ ಹೆಕ್ಕಲಿ, ಹಣ್ಣಡಿಕೆ ಬೇರೆ, ಹಸಿಯದು ಬೇರೆ. ಬುಟ್ಟಿಗೆ ಇಷ್ಟು ಅಂತ ದುಡ್ಡು ಕೊಡುತ್ತೇನೆ, ನೀನು ಅಡ್ಡ ಬರಬೇಡ. ಹೋದ ಸಲ ನಿನ್ನ ಮಗಳು ಹನ್ನೆರಡು ರೂಪಾಯಿ ದುಡಿದು ಅದನ್ನು ಯಾರಿಗೂ ಮುಟ್ಟಲು ಕೊಡದೆ ದಿಂಬಿನಡಿ ಇಟ್ಟುಕೊಂಡು ಮಲಗಿದ್ದಳು. ರಾತ್ರಿ ಅಡಿಕೆ ಸುಲಿಯುವವರ ಪಕ್ಕ ಕಂಬಳಿ ಹೊದ್ದು ಕೂರಲಿ. ಸುಲಿಯುವ ಮೆಟ್ಟುಗತ್ತಿ ಮುಟ್ಟುವಂತಿಲ್ಲ, ಕಥೆ ಕೇಳಬಹುದು. ಬಚ್ಚಲೊಲೆಯ ಬೂದಿಯಲ್ಲಿ ಗೆಣಸು ಹುಗಿಯುವ ಕೆಲಸವೂ ಅವರದ್ದೇ. ಎಷ್ಟು ಹುಗಿದೆವು ಎಂದು ಎಣಿಸಿಟ್ಟುಕೊಳ್ಳಲಿ, ನಾನು ಹೋದ ವರ್ಷ ಮರೆತ ಎರಡು ಗೆಣಸು ಮೂರನೇ ದಿನ ಇದ್ದಿಲಾಗಿ ಸಿಕ್ಕಿದವು.

ಆಲೆಮನೆಗೆ ಮೂರು ಗಂಟೆಗೇ ಹೋಗೋಣ. ಮೊದಲೆಲ್ಲ ಕೋಣ ಸುತ್ತುತ್ತಿದ್ದವು, ಈಗ ಹೆಚ್ಚಿನ ಕಡೆ ಇಂಜಿನ್ನು. ಕಬ್ಬಿನ ಜೊತೆಗೇ ಶುಂಠಿ, ನಿಂಬೆ ಗಾಣಕ್ಕೆ ಕೊಟ್ಟರೆ ಹಾಲಿಗೆ ಒಂದು ಖಾರ ಬರುತ್ತದೆ, ಚಳಿಗೆ ಮಕ್ಕಳ ಗಂಟಲಿಗೂ ಒಳ್ಳೆಯದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನಾವು ಒಯ್ಯೋಣ. ಅಲ್ಲಿ ಕುಡಿದದ್ದಕ್ಕೆ ದುಡ್ಡು ಕೊಡಲು ಹೋಗಬೇಡ, ಯಜಮಾನರಿಗೆ ಅವಮಾನ. ಬರುವಾಗ ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ನೀರುಬೆಲ್ಲ, ಕ್ರಯಕ್ಕೆ ತಂದರಾಯಿತು. ಕೊಪ್ಪರಿಗೆ ಒಲೆಗೆ ಏರಿದ ಮೇಲೆ ಮೂರು ನಾಲ್ಕು ತಾಸಿನ ಆಟ. ಮೊದಲು ಹಸಿರುಗಪ್ಪು ಕೊಳೆ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಆಮೇಲೆ ಬಣ್ಣ ಕೆಂಪಿಗೆ ತಿರುಗಿ ಗುಳ್ಳೆ ದಪ್ಪವಾಗುತ್ತದೆ, ಬೆಲ್ಲದ ನೊರೆ ಏಳುತ್ತದೆ. ಆ ನೊರೆಯನ್ನು ಬಾಳೆಎಲೆ ತುಂಡಿನ ಮೇಲೆ ಹಾಕಿಸಿಕೊಂಡು ನೆಕ್ಕುವುದಕ್ಕೇ ಅಲ್ಲಿ ಕಾಯಬೇಕಾದದ್ದು. ಆರೂವರೆಗೆ ಹೊರಟುಬಿಟ್ಟರೆ ಏನು ಸಿಕ್ಕೀತು? ಕೊಪ್ಪರಿಗೆಯ ಹತ್ತಿರ ಮಾತ್ರ ಮಕ್ಕಳ ಕೈ ಬಿಡಬೇಡ. ಹಾರಿದ ಪಾಕ ಚರ್ಮಕ್ಕೆ ಅಂಟಿಕೊಂಡರೆ ನೀರಿಗಿಂತ ಕೆಟ್ಟದ್ದು.

ಈಗ ಮುಖ್ಯ ವಿಷಯ, ತೊಡೆದೇವು, ಅದೇ ಕಾಗದದಂಥ ತೆಳ್ಳನೆಯ ಸಿಹಿತಿಂಡಿ. ಅದನ್ನು ಈ ಸಲ ನೀನು ಮತ್ತು ನಾನು ಮಾಡುತ್ತೇವೆ. ನಗಬೇಡ. ಆ ಡಿಕ್ಕಿಯ ಪ್ರಕರಣವಾದ ಮರುವರ್ಷ ನಾನು ಕಲಿತೆ. ಅಕ್ಕಿ ನೆನೆಸಿ ಬೆಣ್ಣೆಯ ಹಾಗೆ ರುಬ್ಬಬೇಕು, ಜೋನಿಬೆಲ್ಲ, ಚಿಟಿಕೆ ಅರಿಶಿನ, ಉಪ್ಪು ಹಾಕಿ ನೀರಾಗಿ ಕದಡಬೇಕು. ತೊಡೆದೇವಿನ ಗಡಿಗೆಯನ್ನು ಒಲೆ ಮೇಲೆ ಬೋರಲು ಹಾಕಿ, ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಕಟ್ಟಿದ ತೆಳುಬಟ್ಟೆಯನ್ನು ಹಿಟ್ಟಿಗೆ ಅದ್ದಿ ಒಂದೇ ಎಳೆತಕ್ಕೆ ತೊಡೆಯಬೇಕು. ಚುಂಯ್ ಅನ್ನುವುದು ನಿಂತ ಕೂಡಲೇ ಅಂಚು ತಾನೇ ಏಳುತ್ತದೆ. ಆಗ ಎಬ್ಬಿಸಿ ಬಿಸಿಯಲ್ಲೇ ಮಡಚಬೇಕು, ಎರಡು ಉಸಿರು ತಡವಾದರೆ ಗರಿಗರಿಯಾಗಿ ಕೈಯಲ್ಲೇ ಮುರಿಯುತ್ತದೆ. ಬೆಂಕಿ ಹೆಚ್ಚಾದರೆ ಹಿಟ್ಟು ಹಿಡಿಯುವುದಿಲ್ಲ, ಕಡಿಮೆಯಾದರೆ ಏಳುವುದಿಲ್ಲ. ನನ್ನ ಮೊದಲ ಒಂಬತ್ತು ಚೂರುಚೂರಾದವು. ಹತ್ತನೆಯದಕ್ಕೆ ನಿನ್ನ ದೊಡ್ಡಮ್ಮ ಹಿಂದಿನಿಂದ "ಬಟ್ಟೆ ಹಿಂಡಿ ಎಳೆಯಿರಿ" ಎಂದಳು. ಅವಳು ಕೂತಿದ್ದಳು, ಕೈಯಲ್ಲಿ ಚಹಾ ಲೋಟ ಇತ್ತು. ಮದುವೆಯಾಗಿ ನಲವತ್ತು ವರ್ಷದಲ್ಲಿ ನಾನು ಒಲೆ ಮುಂದೆ, ಅವಳು ಕುರ್ಚಿಯಲ್ಲಿ ಇದ್ದ ಮೊದಲ ಸಂಜೆ ಅದು ಅಂತ ಆಗ ಹೊಳೆಯಿತು.

ನೀವು ಹನ್ನೊಂದು, ನಾವಿಬ್ಬರು, ಹದಿಮೂರು ಬಾಯಿ. ಒಬ್ಬರಿಗೆ ಎರಡರಂತೆ ತುಪ್ಪ ಸವರಿ ಕೊಟ್ಟರೂ ಇಪ್ಪತ್ತಾರು, ಮುರಿಯುವುದು ಬೇರೆ. ಬೆಳಗಿನ ದೋಸೆ ನಿನ್ನ ತಮ್ಮನ ಪಾಲಿಗೆ, ಪಾತ್ರೆ ಸರದಿಯಲ್ಲಿ. ನಿನ್ನ ಹೆಂಡತಿಗೂ ಹೇಳು, ಅವಳು ನೆಂಟತಿಯೇ ಆಗಿರಲಿ, ಅತ್ತೆಗೆ ಸಹಾಯ ಮಾಡಬೇಕು ಅಂತ ಒಳಗೆ ಓಡುವುದು ಬೇಡ. ಗಂಡಸರು ಓಡಲಿ. ನಿನ್ನ ಅಪ್ಪನಿಗೆ ಇದು ಹಿಡಿಸದು. ಅವನಿಗೆ ಬೆಳ್ಳುಳ್ಳಿ ಬಿಡಿಸಲು ಕೊಡೋಣ, ಪೇಪರ್ ಓದುತ್ತಾ ಬಿಡಿಸಲಿ.

ಸ್ವೀಟ್ ಬಾಕ್ಸು ತರಬೇಡ. ಸ್ವೆಟರ್, ಮಂಕಿ ಟೋಪಿ ತನ್ನಿ. ನಿನ್ನ ಹಳೆಯ ಹತ್ತಿ ಪಂಚೆ, ತೊಳೆದು ತೊಳೆದು ನವಿರಾದದ್ದು, ಒಂದು ಇದ್ದರೆ ತಾ, ತೊಡೆಯುವ ಬಟ್ಟೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ತಾಳಗುಪ್ಪದ ರಾತ್ರಿ ರೈಲಿಗೆ ಈಗಲೇ ಟಿಕೆಟ್ ಮಾಡಿಸು, ಆ ರಜೆಗೆ ಸೀಟು ಉಳಿಯುವುದಿಲ್ಲ. ಸಾಗರ ಜಂಬಗಾರು ಸ್ಟೇಷನ್ನಿಗೆ ನಾನು ಜೀಪು ತರುತ್ತೇನೆ.

ಹೊಸ ಗಡಿಗೆ ತಂದಿದ್ದೇನೆ, ಎಣ್ಣೆ ಕುಡಿಸಿ ಪಳಗಿಸುತ್ತಾ ಇದ್ದೇನೆ. ನಿನ್ನೆ ಹದಿನಾಲ್ಕರಲ್ಲಿ ಐದು ಇಡಿಯಾಗಿ ಎದ್ದವು.

ಇತಿ ನಿನ್ನ
ದೊಡ್ಡಪ್ಪ