ವಿಮಾನಯಾನ ಸಚಿವರಿಗೊಂದು ಪತ್ರ: ರನ್‌ವೇ ಪಕ್ಕದ ಕಸ ತೆಗ್ಸಿ ಸಾರ್

ಮಾನ್ಯ ಸಚಿವರೇ,

ನಾನು ವಿಮಾನ ಮೇಂಟೆನೆನ್ಸ್ ಇಂಜಿನಿಯರ್, ನೈಟ್ ಶಿಫ್ಟೇ ಜಾಸ್ತಿ. ಏರ್‌ಪೋರ್ಟ್ ಕಾಂಪೌಂಡ್ ಆಚೆಗಿರೋ ಕಸದ ಗುಡ್ಡೆ, ಅದಕ್ಕೆ ಮುತ್ತೋ ಹದ್ದುಗಳ ಬಗ್ಗೆ ಎಷ್ಟು ರಿಪೋರ್ಟ್ ಬರ್ದೆನೋ ಲೆಕ್ಕ ಇಲ್ಲ, ಹೋದ ವಾರ ಆಗಿದ್ದು ನೋಡಿದ್ಮೇಲೆ ಸುಮ್ನಿರಕ್ಕೆ ಆಗ್ಲಿಲ್ಲ.

ಸಂಜೆ ಇಳಿದ ಪ್ಲೇನು, ಕ್ಯಾಬಿನ್ ತುಂಬಾ ಸುಟ್ಟ ವಾಸನೆ ಅಂತ ಪೈಲಟ್ ಬರ್ದಿದ್ರು. ಟಾರ್ಚ್ ಹಿಡ್ಕೊಂಡು ಇಂಜಿನ್ ಗಾಳಿ ಎಳ್ಕೊಳ್ಳೋ ಬಾಯಿ, ಅಂದ್ರೆ ಇನ್‌ಟೇಕ್ ಒಳಗೆ ತೂರಿ ನೋಡಿದ್ರೆ ರಕ್ತ, ಪುಕ್ಕ, ಒಂದು ಫ್ಯಾನ್ ಬ್ಲೇಡಿನ ಅಂಚು ಹಳೇ ನೋಟ್‌ಬುಕ್ ಹಾಳೆ ಮೂಲೆ ಥರ ಮಡಚ್ಕೊಂಡಿದೆ. ಟೈಟೇನಿಯಂ ಸಾರ್ ಅದು! ಅದರ ಪಕ್ಕದ ಬ್ಲೇಡಲ್ಲಿ ಒಂದು ನಿಕ್, ಅಂದ್ರೆ ಸಣ್ಣ ಕಚ್ಚು, ಆ ಜಾಗ ನಂಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಎರಡು ತಿಂಗಳ ಹಿಂದೆ ಇನ್ನೊಂದು ಹದ್ದು ಹೊಡೆದಾಗ ಅಲ್ಲೇ ಉಜ್ಜಿ ನುಣುಪಾಗಿ ಬ್ಲೆಂಡ್ ಮಾಡಿದ್ದು ನಾನೇ. ಇಂಜಿನ್ ಬಿಚ್ಚದೇ ಒಳಗೆ ನೋಡೋ ಕ್ಯಾಮೆರಾ ಕೊಳವೆ, ಬೋರೋಸ್ಕೋಪ್, ಇಳಿಸಿ ಒಳಗೆಲ್ಲ ನೋಡಿ ಮುಗಿಸೋ ಹೊತ್ತಿಗೆ ಬೆಳಗಾಗಿತ್ತು.

ಎಷ್ಟು ಸಲ ಉಜ್ಜೋದು? ಇಷ್ಟೇ ಲೋಹ ತೆಗೀಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಲಿಮಿಟ್ ಇದೆ, ಅದು ದಾಟಿದ್ರೆ ಬ್ಲೇಡೇ ಬದಲಾಯಿಸ್ಬೇಕು, ಬದಲಾಯಿಸಿದ್ರೆ ಎದುರು ಕಡೆ ಬ್ಲೇಡ್ ಜೊತೆ ತೂಕ ಹೊಂದಬೇಕು, ಇಲ್ಲಾಂದ್ರೆ ಇಂಜಿನ್ ನಡುಗತ್ತೆ. ಹಾಗಂತ ನಿಕ್ ಬಿಟ್ಟುಬಿಡೋ ಹಾಗೂ ಇಲ್ಲ, ಟೇಕಾಫ್ ವೇಗದಲ್ಲಿ ಬ್ಲೇಡನ್ನ ಹೊರಗೆ ಎಳೆಯೋ ಬಲ, ಮೇಲೆ ಕಂಪನ, ಬಿರುಕು ಶುರುವಾಗೋದು ಆ ಸಣ್ಣ ಜಾಗದಿಂದಲೇ.

ನಿಮ್ಮ ಅಧಿಕಾರಿಯೊಬ್ರು ಹೇಳಿದ್ರು, ಇಂಜಿನ್‌ಗಳು ಹಕ್ಕಿ ಟೆಸ್ಟ್ (ಓಡ್ತಿರೋ ಇಂಜಿನ್ ಒಳಗೆ ಹಕ್ಕಿ ಹಾಕಿ ನೋಡೋ ಪರೀಕ್ಷೆ) ಪಾಸಾಗಿರತ್ತಲ್ಲ ಅಂತ. ಹೌದು ಸ್ವಾಮಿ, ದೊಡ್ಡ ಹಕ್ಕಿ ಟೆಸ್ಟಲ್ಲಿ ಪಾಸ್ ಅಂದ್ರೆ ಇಂಜಿನ್ ಒಡೆದು ಚೂರು ಆಚೆ ಸಿಡೀಬಾರ್ದು, ಸೇಫಾಗಿ ಆಫ್ ಮಾಡೋ ಹಾಗಿರ್ಬೇಕು ಅಂತ, ಹಾರ್ತಾನೇ ಇರತ್ತೆ ಅಂತಲ್ಲ. 2009ರಲ್ಲಿ ನ್ಯೂಯಾರ್ಕಲ್ಲಿ ಹೆಬ್ಬಾತುಗಳು ಹೊಡೆದು ಎರಡೂ ಇಂಜಿನ್ ಪವರ್ ಹೋಯ್ತು, ಇಳಿಸಕ್ಕೆ ಹಡ್ಸನ್ ನದಿ ಇತ್ತು, 155 ಜನ ಉಳ್ಕೊಂಡ್ರು. ನಮ್ ರನ್‌ವೇ ಕೊನೇಲಿ ಇರೋದು ನದಿ ಅಲ್ಲ, ಕಸದ ಗುಡ್ಡೆ.

ಪಟಾಕಿ ಹೊಡೆದು ಓಡಿಸ್ತಿದೀವಿ ಅಂತೀರಿ. ಹೊಡೀರಿ. ಊಟ ಅಲ್ಲೇ ಬಿದ್ದಿರೋವಾಗ ಹದ್ದು ಒಂದು ಸುತ್ತು ಹಾಕಿ ವಾಪಸ್ ಬಂದು ಕೂರತ್ತೆ. ಏರ್‌ಪೋರ್ಟ್ ಹತ್ರ ಹಕ್ಕಿ ಸೆಳೆಯೋ ಕಸದ ಗುಡ್ಡೆ ಬೇಡ ಅನ್ನೋ ಅಂತಾರಾಷ್ಟ್ರೀಯ ನಿಯಮ, ಐಸಿಎಒ ಅನೆಕ್ಸ್ 14, ನಿಮಗೆ ಗೊತ್ತಿಲ್ದೇ ಇರತ್ತಾ, ನಾನೇನು ಹೇಳ್ಕೊಡೋದು. ಕಸ ತೆಗ್ಸಿ. ಸಮಿತಿ ಬೇಡ, ಸರ್ವೆ ಬೇಡ, ಕಸ ತೆಗ್ಸಿ ಸಾರ್.

ಇಂತಿ,
ಬ್ಲೇಡ್ ಉಜ್ಜಿ ಉಜ್ಜಿ ಸಾಕಾದವನು