ಕೋರ್ಟಿಗೆ ಮೊದಲು ಒಮ್ಮೆ ಮಾತುಕತೆ

ಎಲ್ಲರಿಗೂ ನಮಸ್ಕಾರ. ಕಾಂಪೌಂಡ್ ಗೋಡೆ, ಬಾಡಿಗೆ ಅಡ್ವಾನ್ಸ್, ಅಣ್ಣತಮ್ಮಂದಿರ ಪಾಲು ಅಂತ ಈಚೆಗೆ ಮೂರು ಮನೆಯವರು ವಕೀಲರ ನಂಬರ್ ಕೇಳಿದ್ದೀರಿ. ಅದಕ್ಕೇ ಮಧ್ಯಸ್ಥಿಕೆ ಬಗ್ಗೆ ಬರೆಯುತ್ತಿದ್ದೇನೆ, ಅಂದರೆ ಯಾವ ಕಡೆಗೂ ಸೇರದ ಒಬ್ಬರು ಇಬ್ಬರನ್ನೂ ಕೂರಿಸಿ ಮಾತಾಡಿಸಿ ರಾಜಿಗೆ ನೆರವಾಗುವುದು.

ಕೇಸ್ ಆಗಲೇ ಕೋರ್ಟಿನಲ್ಲಿದ್ದರೆ, ಮಧ್ಯಸ್ಥಿಕೆಗೆ ಕಳಿಸಿ ಎಂದು ನಿಮ್ಮ ವಕೀಲರ ಮೂಲಕ ಜಡ್ಜ್ ಅವರನ್ನು ಕೇಳಬಹುದು. ಬೆಂಗಳೂರಿನ ಕೇಸ್ ಆದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ಇದೆ. ಇನ್ನೂ ಕೇಸ್ ಹಾಕಿಲ್ಲವೇ? ಆಯಾ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಸಹಾಯವಾಣಿ 15100.

ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಹಾಗಾಗಿ ಬಾಯಿಬಿಟ್ಟು ಹೇಳಿಕೊಳ್ಳಬಹುದು. ನನ್ನ ಮಟ್ಟಿಗೆ ದೊಡ್ಡ ಲಾಭ ಅದೇ.

ಖಾಸಗಿಯಾಗಿ ಮಧ್ಯಸ್ಥರನ್ನು ಹುಡುಕುವವರು ಮೂರು ವಿಷಯ ಕೇಳಿ: ತರಬೇತಿ ಎಲ್ಲಿ ಆಯಿತು, ಇಂಥ ಜಗಳ ಎಷ್ಟು ಬಗೆಹರಿಸಿದ್ದಾರೆ, ಫೀಸು ಒಂದೊಂದು ಸಿಟ್ಟಿಂಗಿಗೋ ಇಡೀ ಕೆಲಸಕ್ಕೋ. ಎದುರು ಪಾರ್ಟಿಗೆ ನೆಂಟರಾದವರು ಬೇಡ. ನಿಮಗೆ ನೆಂಟರಾದವರೂ ಬೇಡ, ಅಲ್ವಾ! ಒಪ್ಪಂದವನ್ನು ಸುಮ್ನೆ ಬಾಯಿಮಾತಿಗೆ ಬಿಡಬೇಡಿ, ಬರೆಸಿ ಇಬ್ಬರೂ ಸಹಿ ಹಾಕಿ.

ಹೊಡೆದಾಟದಂಥ ವಿಷಯವಾದರೆ ಮೊದಲು ಪೊಲೀಸ್ ಠಾಣೆಗೆ ಹೋಗಿ. ಮತ್ತೆ, ದಯವಿಟ್ಟು ನಿಮ್ಮ ಪತ್ರಗಳ ಫೋಟೋ ಇಲ್ಲಿ ಹಾಕಬೇಡಿ.